ಕ್ಯಾಮೆರಾ ಕೇಳಿ–ಹೇಳಿ: ದೂರದ ಆಟಕ್ಕೆ ಕನ್ವರ್ಟರ್ ಕೊಂಡರೆ ಸಾಕೆ?

ಕೊಡವ ಒಕ್ಕಗಳ (ಮನೆತನಗಳ) ಹಾಕಿ ಹಬ್ಬ ಹತ್ತಿರವಾಗುತ್ತಿದ್ದಂತೆ ಕೊಡಗಿನಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಟೆಲಿಕನ್ವರ್ಟರ್, ಅಂದರೆ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂತು ದೂರದ್ದನ್ನು ಇನ್ನಷ್ಟು ದೊಡ್ಡದಾಗಿ ತೋರಿಸುವ ತುಂಡು ಲೆನ್ಸಿನ ಕುರಿತೇ ಇರುತ್ತವೆ. ಒಂದೇ ತರಹದವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಲೆಕ್ಕಗಳೆಲ್ಲ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಅಳತೆಯ ಚಿಕ್ಕ ಸೆನ್ಸರಿನ ಕ್ಯಾಮೆರಾಗೆ, ಅಂದರೆ ಕ್ಯಾನನ್ 1500ಡಿ ತರಹದ್ದಕ್ಕೆ ಹಾಕಿದವು. ನಿಕಾನ್ ಆದರೆ ಅಲ್ಪಸ್ವಲ್ಪ ವ್ಯತ್ಯಾಸ, ಅಷ್ಟೆ.

ನನ್ನ ಬಳಿ 70-300 ಎಂಎಂ ಎಫ್/4-5.6 ಜೂಮ್ ಇದೆ. ಗ್ಯಾಲರಿಯಿಂದ ಹಾಕಿ ತೆಗೆದರೆ ಆಟಗಾರರು ತೀರಾ ಸಣ್ಣಗೆ ಬರುತ್ತಾರೆ. 2 ಎಕ್ಸ್ ಕನ್ವರ್ಟರ್ ಹಾಕಿದರೆ 600 ಎಂಎಂ ಆಗುತ್ತದಲ್ಲ, ಕೊಳ್ಳಬಹುದೆ?
— ಓದುಗರು, ನಾಪೋಕ್ಲು

600 ಎಂಎಂ ಆಗುವುದು ನಿಜ. ಆದರೆ ಅದು 600 ಎಂಎಂ ಎಫ್/11; ಎಫ್ ಅಂಕಿ ಹೆಚ್ಚಿದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಈ ಎರಡನೆಯ ಅಂಕಿಯನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಯಾರೂ ಬರೆಯುವುದಿಲ್ಲ. 1.4 ಎಕ್ಸ್ ಕನ್ವರ್ಟರ್ ಒಂದು ಸ್ಟಾಪ್ ಬೆಳಕು, ಅಂದರೆ ಅರ್ಧದಷ್ಟು, ತಿನ್ನುತ್ತದೆ, 2 ಎಕ್ಸ್ ಎರಡು ಸ್ಟಾಪ್. ನಿಮ್ಮ ಲೆನ್ಸ್ 300ರಲ್ಲಿ ಎಫ್/5.6 ಇದ್ದದ್ದು 420ರಲ್ಲಿ ಎಫ್/8 ಆಗುತ್ತದೆ, 600ರಲ್ಲಿ ಎಫ್/11.

ಕೊಳ್ಳುವ ಮೊದಲು ಮೈದಾನ ಅಳೆದು ನೋಡಿ. ಹಾಕಿ ಮೈದಾನದ ಉದ್ದ 91.4 ಮೀಟರ್, ಅಗಲ 55 ಮೀಟರ್. 300 ಎಂಎಂನಲ್ಲಿ 50 ಮೀಟರ್ ದೂರಕ್ಕೆ ನಿಮ್ಮ ಫ್ರೇಮ್ 3.7 ಮೀಟರ್ ಅಗಲ, 2.5 ಮೀಟರ್ ಎತ್ತರ ಹಿಡಿಯುತ್ತದೆ. ಐದೂಮುಕ್ಕಾಲು ಅಡಿಯ ಆಟಗಾರ ಫ್ರೇಮಿನ ಎತ್ತರದ ಶೇ 70ರಷ್ಟು ತುಂಬುತ್ತಾನೆ. ಇದಕ್ಕೆ ಕನ್ವರ್ಟರ್ ಬೇಡ. 90 ಮೀಟರಿಗೆ ಅವನು ಶೇ 39ಕ್ಕೆ ಇಳಿಯುತ್ತಾನೆ, 1.4 ಎಕ್ಸ್ ಹಾಕಿದರೆ ಶೇ 55. ಗ್ಯಾಲರಿ ಬಿಟ್ಟು ಹಿಂದಿನ ಗೆರೆಯ ಮೂಲೆಯ ಹತ್ತಿರ ಕೂರಲು ಸಂಘಟಕರು ಬಿಟ್ಟರೆ ಗೋಲಿನ ನಡುಭಾಗ ಬರೀ 27 ಮೀಟರ್ ದೂರ. ಅಲ್ಲಿ 300 ಎಂಎಂ ಕೂಡ ಹೆಚ್ಚಾಗಿ ಆಟಗಾರನ ಕಾಲು ಕತ್ತರಿಸುತ್ತದೆ, 200ಕ್ಕೆ ಇಳಿಸಿಕೊಳ್ಳಬೇಕು. ಕನ್ವರ್ಟರಿಗೆ ಕೊಡುವ ದುಡ್ಡಿಗಿಂತ ಆ ಮೂಲೆಯಲ್ಲಿ ಕೂರಲು ಸಿಗುವ ಅನುಮತಿ ದೊಡ್ಡದು. ಸಂಘಟಕ ಒಕ್ಕದವರನ್ನು ಎರಡು ದಿನ ಮೊದಲೇ ಕೇಳಿಡಿ.

ಮುಂದಿನದು ಬೆಳಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಚೆಂಡು ಸೆಕೆಂಡಿನ 1/500ರಲ್ಲಿ ಐದೂವರೆ ಸೆಂಟಿಮೀಟರ್ ಸರಿಯುತ್ತದೆ, 1/1000ರಲ್ಲಿ 2.8 ಸೆಂಟಿಮೀಟರ್. ಚೆಂಡಿನ ಅಡ್ಡಗಲವೇ ಸುಮಾರು 7.3 ಸೆಂಟಿಮೀಟರ್. ಹಾಗಾಗಿ 1/1000ಕ್ಕಿಂತ ಕೆಳಗೆ ಹೋದರೆ ಚೆಂಡು ಎಳೆದ ಹಿಟ್ಟಿನಂತೆ ಕಾಣುತ್ತದೆ. ಆ ಶಟರ್ ವೇಗಕ್ಕೆ ಸುಡುಬಿಸಿಲಿನಲ್ಲಿ ಎಫ್/5.6ಕ್ಕೆ ಸೆನ್ಸರಿನ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ 125 ಸಾಕು, ಎಫ್/8ಕ್ಕೆ 250, ಎಫ್/11ಕ್ಕೆ 500. ಮೋಡ ಕವಿದರೆ ಇದೇ ಕ್ರಮದಲ್ಲಿ 1000, 2000, 4000. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಿದ್ದು ನಾಲ್ಕಕ್ಕೆ ಮಳೆಮೋಡ ಏರುವುದು ಕೊಡಗಿನಲ್ಲಿ ಹೊಸದೇನಲ್ಲ.

ಐಎಸ್‌ಒ ಏರಿತೆಂದು ಕನ್ವರ್ಟರನ್ನು ಬೈಯುವವರು ಒಂದು ಮಾತು ಗಮನಿಸಬೇಕು. 300 ಎಂಎಂ ಎಫ್/5.6ರಲ್ಲಿ ಐಎಸ್‌ಒ 1000ಕ್ಕೆ ತೆಗೆದು, ಆಮೇಲೆ 420 ಎಂಎಂನಷ್ಟಾಗುವ ಹಾಗೆ ಕ್ರಾಪ್ ಮಾಡಿದ ಚಿತ್ರದಲ್ಲಿರುವ ಕಾಳುಕಾಳಾದ ನಾಯ್ಸ್‌ಗೂ ಕನ್ವರ್ಟರ್ ಹಾಕಿ ಎಫ್/8ರಲ್ಲಿ ಐಎಸ್‌ಒ 2000ಕ್ಕೆ ತೆಗೆದ ಚಿತ್ರದ ನಾಯ್ಸ್‌ಗೂ ಹೆಚ್ಚು ಕಡಿಮೆ ಇಲ್ಲ. ಆಟಗಾರನ ಮೈಯಿಂದ ಲೆನ್ಸಿನೊಳಗೆ ಬಂದ ಬೆಳಕು ಎರಡರಲ್ಲೂ ಅಷ್ಟೇ. ಹಿನ್ನೆಲೆ ಮಸುಕಾಗುವುದೂ ಎರಡರಲ್ಲಿ ಒಂದೇ ತರಹ. ಹಾಗಾದರೆ ಕನ್ವರ್ಟರ್ ಕೊಡುವುದೇನು? ಆಟಗಾರನ ಮೇಲೆ ಹೆಚ್ಚು ಪಿಕ್ಸೆಲ್. ಕಸಿದುಕೊಳ್ಳುವುದೇನು? ಫೋಕಸಿನ ವೇಗ, ಮತ್ತು ಲೆನ್ಸಿನ ಚೂಪುತನದಲ್ಲಿ ಒಂದಷ್ಟು. ಲೆನ್ಸಿನ ದೋಷವನ್ನೂ ಅದು 1.4 ಪಟ್ಟು ಹಿಗ್ಗಿಸಿಯೇ ತೋರಿಸುತ್ತದೆ. 300ರಲ್ಲಿ ಈಗಾಗಲೇ ಮೆತ್ತಗಿರುವ ಜೂಮ್‌ಗೆ ಕನ್ವರ್ಟರ್ ಹಾಕಿದರೆ ದೊಡ್ಡದಾದ ಮೆತ್ತಗಿನ ಚಿತ್ರ ಸಿಗುತ್ತದೆ. ಚೂಪಾಗಲಿ ಎಂದು ಲೆನ್ಸನ್ನು ಒಂದು ಸ್ಟಾಪ್ ಮುಚ್ಚಿದರೆ ಎಫ್/11ಕ್ಕೆ ಹೋಗುತ್ತೀರಿ, ಅಲ್ಲಿ ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದು) ಬೇರೆ ಚಿತ್ರವನ್ನು ಮೆತ್ತಗೆ ಮಾಡತೊಡಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಸಿಲ್ವರ್ ಓಕ್ ಮರದ ಕಾಂಡಕ್ಕೆ ನೆಟ್ಟಗೆ ಕಟ್ಟಿ. 20 ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು, ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ ಕೈಯಿಂದ ಫೋಕಸ್ ಮಾಡಿ, ಕೈನಡುಕ ತಡೆಯುವ ಸ್ಟೆಬಿಲೈಸೇಷನ್ ಆರಿಸಿ, 2 ಸೆಕೆಂಡ್ ಟೈಮರ್‌ನಲ್ಲಿ ತೆಗೆಯಿರಿ. ಮೊದಲು ಬರೀ ಲೆನ್ಸಿನಲ್ಲಿ ಎಫ್/5.6 ಮತ್ತು ಎಫ್/8, ಬಳಿಕ ಕನ್ವರ್ಟರಿನೊಂದಿಗೆ ಎಫ್/8 ಮತ್ತು ಎಫ್/11. ಒಂದೊಂದಕ್ಕೂ ಐದು ಚಿತ್ರ, ಪ್ರತಿ ಸಲ ಫೋಕಸ್ ಬಿಟ್ಟು ಮತ್ತೆ ಹಿಡಿಯಬೇಕು. ಕಂಪ್ಯೂಟರಿನಲ್ಲಿ ಬರೀ ಲೆನ್ಸಿನ ಚಿತ್ರವನ್ನು ಶೇ 140ಕ್ಕೆ ಹಿಗ್ಗಿಸಿ, ಕನ್ವರ್ಟರಿನದನ್ನು ಶೇ 100ಕ್ಕೆ ಪಕ್ಕದಲ್ಲಿಡಿ. ಸುದ್ದಿಯ ಸಣ್ಣಕ್ಷರದಲ್ಲಿ ಒತ್ತಕ್ಷರ ನೋಡಿ. ‘ಕ್ಷ’ದ ಕೆಳಗಿನ ಸುಳಿ, ‘ತ್ತ’ದ ಬಾಲ ಕನ್ವರ್ಟರಿನ ಚಿತ್ರದಲ್ಲಿ ಬಿಡಿಸಿ ಕಂಡು, ಹಿಗ್ಗಿಸಿದ ಚಿತ್ರದಲ್ಲಿ ಕೂಡಿಕೊಂಡಿದ್ದರೆ ಕನ್ವರ್ಟರ್ ಕೊಳ್ಳಲು ಯೋಗ್ಯ. ಎರಡೂ ಒಂದೇ ತರಹ ಕಂಡರೆ ಕ್ರಾಪ್ ಮಾಡಿ. 420 ಎಂಎಂನಷ್ಟಕ್ಕೆ ಕ್ರಾಪ್ ಮಾಡಿದರೂ 12 ಮೆಗಾಪಿಕ್ಸೆಲ್ ಉಳಿಯುತ್ತದೆ, ಎ4 ಅಳತೆಯ ಒಳ್ಳೆಯ ಮುದ್ರಣಕ್ಕೆ ಬೇಕಾದದ್ದು ಸುಮಾರು 8.7. ನಮ್ಮ ಅಂದಾಜು: ಕಡಿಮೆ ಬೆಲೆಯ ಜೂಮ್‌ಗಳಲ್ಲಿ 1.4 ಎಕ್ಸ್ ಕೆಲವಕ್ಕೆ ಹೊಂದುತ್ತದೆ. 2 ಎಕ್ಸ್ ಆಟದ ಚಿತ್ರಕ್ಕೆ ಬೇಡವೇ ಬೇಡ.

ಇನ್ನೊಂದು ವಿಷಯ ಎಲ್ಲರೂ ಮರೆಯುವುದು ಬಿಸಿಗಾಳಿ. ಏಪ್ರಿಲ್–ಮೇ ಮಧ್ಯಾಹ್ನ ಕಾದ ಮೈದಾನದ ಮೇಲೆ ಗಾಳಿ ನಡುಗುತ್ತದೆ. 80–90 ಮೀಟರ್ ಆಚೆಯ ಮುಖ ನೀರಿನಲ್ಲಿ ನೋಡಿದ ಹಾಗಾಗುತ್ತದೆ. ಲೆನ್ಸ್ ಎಷ್ಟು ಲಕ್ಷದ್ದಾದರೂ ಇದಕ್ಕೆ ಮದ್ದಿಲ್ಲ, ಕನ್ವರ್ಟರ್ ಆ ನಡುಕವನ್ನೂ ಹಿಗ್ಗಿಸುತ್ತದೆ. 1997ರಲ್ಲಿ ಕರಡದಲ್ಲಿ 60 ಒಕ್ಕಗಳ ತಂಡಗಳಿಂದ ಶುರುವಾದ ಈ ಹಬ್ಬಕ್ಕೆ 2024ರಲ್ಲಿ ನಿಮ್ಮ ನಾಪೋಕ್ಲಿನಲ್ಲೇ 360 ತಂಡಗಳು ಬಂದಿದ್ದವು. ಅಷ್ಟು ಪಂದ್ಯಗಳಿರುವಾಗ ಬೆಳಿಗ್ಗೆಯ ಪಂದ್ಯಗಳನ್ನೇ ಆರಿಸಿಕೊಳ್ಳಿ. ಹತ್ತು ಗಂಟೆಯೊಳಗೆ ಬೆಳಕು ಓರೆಯಾಗಿ ಬೀಳುತ್ತದೆ, ಟೋಪಿಯ ಕೆಳಗಿನ ಮುಖವೂ ಕಾಣುತ್ತದೆ.

ಕ್ಯಾನನ್ 1500ಡಿ, ಇಎಫ್-ಎಸ್ 55-250 ಲೆನ್ಸ್ ಇದೆ. ಪರಿಚಯದವರು ಕ್ಯಾನನ್‌ನದೇ 1.4 ಎಕ್ಸ್ ಎಕ್ಸ್‌ಟೆಂಡರ್ ಕೊಡುತ್ತೇನೆಂದರು. ತಮ್ಮನ ಬಳಿ ನಿಕಾನ್ ಡಿ5600, 70-300 ಇದೆ. ಯಾವುದು ಯಾವುದಕ್ಕೆ ಕೂರುತ್ತದೆ?
— ಓದುಗರು, ವಿರಾಜಪೇಟೆ

ಪರಿಚಯದವರಿಗೆ ಧನ್ಯವಾದ ಹೇಳಿ ವಾಪಸು ಕೊಡಿ. ಕ್ಯಾನನ್ ಎಕ್ಸ್‌ಟೆಂಡರಿನ ಮುಂದಿನ ಗಾಜು ಮೌಂಟಿನಿಂದ (ಜೋಡಿಸುವ ಬಳೆಯಿಂದ) ಹೊರಗೆ ಚಾಚಿಕೊಂಡಿದೆ. ಅದು ಒಳಗೆ ಹೋಗಿ ಕೂರಲು ಹಿಂದೆ ಖಾಲಿ ಜಾಗವಿರುವ, ಹೆಚ್ಚಾಗಿ ದುಬಾರಿ ಎಲ್ ಸರಣಿಯ ಕೆಲವು ಟೆಲಿ ಲೆನ್ಸ್‌ಗಳಿಗೆ ಮಾತ್ರ ಅದು ಹೊಂದುತ್ತದೆ. ನಿಮ್ಮ ಲೆನ್ಸಿಗೆ ಒತ್ತಿ ತಿರುಗಿಸಲು ಹೋದರೆ ಗಾಜಿಗೆ ಗಾಜು ತಾಗುತ್ತದೆ. ನಿಕಾನ್ ಕನ್ವರ್ಟರುಗಳ ಮೌಂಟಿನಲ್ಲಿ ಒಂದು ಸಣ್ಣ ಮೂಗು ಇದೆ, ಹೊಂದದ ಲೆನ್ಸ್ ಕೂರದಂತೆ ತಡೆಯಲೆಂದೇ ಇಟ್ಟದ್ದು. ಆ ಮೂಗನ್ನು ಅರದಿಂದ ಉಜ್ಜಿ ತೆಗೆಯುವ ವೀಡಿಯೊಗಳನ್ನು ನೋಡಿ ತಮ್ಮನವರು ಕೈಹಾಕದಿರಲಿ. ಜೂಮ್ ತಿರುಗಿಸುವಾಗ ಹಿಂದಿನ ಗಾಜು ಹಿಂದೆ ಸರಿಯುವ ಲೆನ್ಸ್ ಆದರೆ ಗೀರು ಖಂಡಿತ.

ಕೆಂಕೊ ತರಹದ ಬೇರೆ ಕಂಪನಿಯವುಗಳಲ್ಲಿ ಗಾಜು ಚಾಚಿಕೊಂಡಿರುವುದಿಲ್ಲ, ಹಾಗಾಗಿ ಹೆಚ್ಚು ಲೆನ್ಸ್‌ಗಳಿಗೆ ಕೂರುತ್ತವೆ. ಆದರೂ ಕ್ಯಾನನ್‌ನವರು ಮೊದಲು ಗುರುತು ನೋಡಬೇಕು. ಇಎಫ್ ಲೆನ್ಸಿನ ಮೇಲೆ ಕೆಂಪು ಚುಕ್ಕೆ ಇರುತ್ತದೆ, ಇಎಫ್-ಎಸ್ ಮೇಲೆ ಬಿಳಿ ಚೌಕ. ಕನ್ವರ್ಟರಿನ ಮುಂಬದಿಯಲ್ಲಿ ಬರೀ ಕೆಂಪು ಚುಕ್ಕೆ ಇದ್ದರೆ ನಿಮ್ಮ 55-250 ಅದಕ್ಕೆ ಕೂರುವುದಿಲ್ಲ.

ಕೂತ ಮೇಲೆ ಫೋಕಸಿನ ಪ್ರಶ್ನೆ. ಡಿಎಸ್‌ಎಲ್‌ಆರ್‌ನ ಫೋಕಸ್ ಸೆನ್ಸರ್ ಲೆನ್ಸಿನ ಎರಡು ಅಂಚುಗಳಿಂದ ಬರುವ ಬೆಳಕನ್ನು ಹೋಲಿಸಿ ನೋಡುತ್ತದೆ. ಸಾಮಾನ್ಯ ಕ್ಯಾಮೆರಾಗಳಲ್ಲಿ ಅದು ಎಫ್/5.6ಕ್ಕೆ ಅಳವಡಿಸಿದ್ದು. ಎಫ್/8 ಆದಾಗ ಆ ಅಂಚಿನ ಬೆಳಕು ಸೆನ್ಸರಿಗೆ ಸರಿಯಾಗಿ ಮುಟ್ಟುವುದಿಲ್ಲ. 1500ಡಿ, ಡಿ5600 ಎರಡೂ ಈ ಗುಂಪಿನವು. ಎಫ್/8ರಲ್ಲೂ ನಡುಬಿಂದು ಕೆಲಸ ಮಾಡುವ ಕ್ಯಾಮೆರಾಗಳೆಂದರೆ ನಿಕಾನ್ ಡಿ7200, ಡಿ500, ಕ್ಯಾನನ್ 80ಡಿ, 7ಡಿ ಮಾರ್ಕ್ 2 ಮುಂತಾದವು. ಹಳೆಯ ಕೆಂಕೊ ಕೆಲವು ತಾವಿರುವುದನ್ನೇ ಕ್ಯಾಮೆರಾಗೆ ಹೇಳುವುದಿಲ್ಲ. ಪರದೆಯ ಮೇಲೆ ಎಫ್/5.6 ಎಂದೇ ಬರುತ್ತದೆ, ಕ್ಯಾಮೆರಾ ನಂಬಿ ಫೋಕಸ್ ಹುಡುಕುತ್ತದೆ. ಬಿಸಿಲಿನಲ್ಲಿ ಬಿಳಿ ಜೆರ್ಸಿಯ ಮೇಲಿನ ಕಪ್ಪು ಅಂಕಿಯಂಥದ್ದು ಸಿಕ್ಕರೆ ಹಿಡಿಯುತ್ತದೆ, ಮರದ ನೆರಳು ಬಂದೊಡನೆ ಲೆನ್ಸ್ ಈ ಕೊನೆಯಿಂದ ಆ ಕೊನೆಗೆ ಓಡಾಡುತ್ತದೆ. ಅಷ್ಟರಲ್ಲಿ ಗೋಲಾಗಿರುತ್ತದೆ. ಕಂಪನಿಯದೇ ಕನ್ವರ್ಟರ್ ಆದರೂ ವೇಗ ಕುಗ್ಗುತ್ತದೆ. ಕ್ಯಾನನ್ ಇಎಫ್ ಎಕ್ಸ್‌ಟೆಂಡರುಗಳಲ್ಲಿ 1.4 ಎಕ್ಸ್ ಹಾಕಿದರೆ ಫೋಕಸ್ ಮೋಟರ್ ಅರ್ಧ ವೇಗಕ್ಕೆ ಇಳಿಯುತ್ತದೆ, 2 ಎಕ್ಸ್ ಹಾಕಿದರೆ ಕಾಲು ಭಾಗಕ್ಕೆ. ಕೆಟ್ಟು ಹೀಗಾಗುವುದಲ್ಲ, ನಿಖರತೆಗೋಸ್ಕರ ಕಂಪನಿಯೇ ಹಾಗೆ ಮಾಡಿಟ್ಟದ್ದು.

ಮಿರರ್‌ಲೆಸ್‌ನಲ್ಲಿ ಈ ಎಫ್/5.6ರ ಗೋಡೆ ಇಲ್ಲ. ಕ್ಯಾನನ್ ಆರ್‌ಎಫ್ 100-400 ಎಫ್/5.6-8 ಕಡಿಮೆ ಬೆಲೆಯದಾದರೂ ಆರ್‌ಎಫ್ ಕನ್ವರ್ಟರುಗಳನ್ನು ಒಪ್ಪುತ್ತದೆ, ತೂಕ 635 ಗ್ರಾಂ. ಆದರೆ 1.4 ಎಕ್ಸ್‌ನಲ್ಲಿ 560 ಎಂಎಂ ಎಫ್/11, 2 ಎಕ್ಸ್‌ನಲ್ಲಿ 800 ಎಂಎಂ ಎಫ್/16. ಎಫ್/16 ಎಂದರೆ ಬಿಸಿಲಿಗೇ ಐಎಸ್‌ಒ 1000. ಫ್ಯೂಜಿ ಎಕ್ಸ್‌ಎಫ್ 70-300ಕ್ಕೂ ಎರಡು ಕನ್ವರ್ಟರುಗಳು ಕೂರುತ್ತವೆ. ಸೋನಿ ಇ 70-350ಕ್ಕೆ ಯಾವುದೂ ಇಲ್ಲ. ದುಡ್ಡು ಕೊಡುವ ಮೊದಲು ಲೆನ್ಸ್ ಕಂಪನಿಯ ಹೊಂದಾಣಿಕೆ ಪಟ್ಟಿ ನೋಡಿ, ಅಂಗಡಿಯವರ ಬಾಯಿಮಾತು ಸಾಲದು. ವರ್ಷಕ್ಕೆ ಒಂದೆರಡು ವಾರದ ಆಟಕ್ಕಾದರೆ ಬೆಂಗಳೂರಿನಲ್ಲಿ 150-600 ಬಾಡಿಗೆಗೆ ಸಿಗುತ್ತದೆ. ಅದು ಕನ್ವರ್ಟರಿಗಿಂತ ಒಳ್ಳೆಯ ದಾರಿ.

ಡಿಎಸ್‌ಎಲ್‌ಆರ್ ಫೋಕಸ್ ಹಿಡಿಯದಿದ್ದರೆ ಕೈಯಿಂದ ಮಾಡಿ ಆಟ ತೆಗೆಯಲು ಆಗುತ್ತದೆಯೆ? ಕನ್ವರ್ಟರ್ ಈಗಾಗಲೇ ಕೊಂಡಾಗಿದೆ.
— ಓದುಗರು, ಪೊನ್ನಂಪೇಟೆ

ಓಡುವವನ ಹಿಂದೆ ರಿಂಗ್ ತಿರುಗಿಸುತ್ತಾ ಹೋಗಲು ಆಗುವುದಿಲ್ಲ, ಜಾಗ ಕಾಯಲು ಆಗುತ್ತದೆ. 420 ಎಂಎಂ ಎಫ್/8ರಲ್ಲಿ 50 ಮೀಟರ್ ದೂರಕ್ಕೆ ಸುಮಾರು 4 ಮೀಟರ್ ಆಳ ಸ್ಪಷ್ಟವಾಗಿರುತ್ತದೆ, ಮುಂದೆ ಎರಡು, ಹಿಂದೆ ಎರಡು. ‘ಡಿ’ ವೃತ್ತದ ಗೆರೆ ಗೋಲಿನಿಂದ 14.63 ಮೀಟರ್. ಪೆನಾಲ್ಟಿ ಕಾರ್ನರ್ ಆದಾಗ ಚೆಂಡು ತಡೆದು ಹೊಡೆಯುವುದು ಆ ಗೆರೆಯ ಹತ್ತಿರವೇ. ಅಲ್ಲಿ ನಿಂತ ಆಟಗಾರನ ಬೂಟಿಗೆ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ, ರಿಂಗಿನ ಮೇಲೆ ಪೇಪರ್ ಟೇಪಿನ ತುಂಡು ಅಂಟಿಸಿ, ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿಡಿ. ಸೆಲೋಟೇಪ್ ಬೇಡ, ಬಿಸಿಲಿಗೆ ಅಂಟು ಕರಗಿ ರಿಂಗಿನ ಸಂದಿಗೆ ಇಳಿಯುತ್ತದೆ. ಜೂಮ್ ರಿಂಗ್ ಮುಟ್ಟಬೇಡಿ. ಈ ಲೆನ್ಸ್‌ಗಳಲ್ಲಿ ಹೆಚ್ಚಿನವು ಜೂಮ್ ತಿರುಗಿಸಿದರೆ ಫೋಕಸ್ ಕಳೆದುಕೊಳ್ಳುತ್ತವೆ. 1500ಡಿ ಸೆಕೆಂಡಿಗೆ ಮೂರೇ ಚಿತ್ರ ತೆಗೆಯುತ್ತದೆ, ಆದ್ದರಿಂದ ಬರ್ಸ್ಟ್ ನೆಚ್ಚಿಕೊಳ್ಳದೆ ಕೋಲು ಕೆಳಗಿಳಿಯುವ ಹೊತ್ತಿಗೆ ಒತ್ತಿ.

ಹಿಡಿತಕ್ಕೆ ಮೊನೊಪಾಡ್ ಇರಲಿ. ಅದನ್ನು ಕ್ಯಾಮೆರಾಗೆ ಸಿಕ್ಕಿಸಿ ಎಡಗೈಯನ್ನು ಲೆನ್ಸಿನ ಅಡಿಯಲ್ಲಿಡಿ. ಇಂಥ ಜೂಮ್‌ಗಳಿಗೆ ಕಾಲರ್ (ಲೆನ್ಸನ್ನೇ ಟ್ರೈಪಾಡಿಗೆ ಸಿಕ್ಕಿಸುವ ಪಟ್ಟಿ) ಇರುವುದಿಲ್ಲ, ಹಲವಕ್ಕೆ ಮೌಂಟೂ ಪ್ಲಾಸ್ಟಿಕ್ಕಿನದು. ಕನ್ವರ್ಟರ್ ಸೇರಿ ಮೂತಿ ಭಾರವಾದಾಗ ಆ ಮೌಂಟ್ ಮೇಲೇ ಎಲ್ಲ ಎಳೆತ. ಕುತ್ತಿಗೆಗೆ ತೂಗುಹಾಕಿ ಜೀಪಿನಲ್ಲಿ ಕುಲುಕಾಡಿಸಿಕೊಂಡು ಹೋಗಬಾರದು. 1/1000ರಲ್ಲಿ ಸ್ಟೆಬಿಲೈಸೇಷನ್ ಆರಿಸಿದರೂ ನಷ್ಟವಿಲ್ಲ.

ಆನ್‌ಲೈನಿನಲ್ಲಿ ಲೆನ್ಸಿನ ಮುಂದೆ ತಿರುಗಿಸಿ ಹಾಕುವ 2.2 ಎಕ್ಸ್ ‘ಟೆಲಿ ಲೆನ್ಸ್’ ಅಗ್ಗಕ್ಕೆ ಸಿಗುತ್ತದೆ. ಬೆಳಕು ಕಡಿಮೆಯಾಗುವುದಿಲ್ಲವಂತೆ.
— ಓದುಗರು, ಸೋಮವಾರಪೇಟೆ

ಬೆಳಕಿನ ಮಾತು ಬಹುಮಟ್ಟಿಗೆ ನಿಜ, ಚಿತ್ರದ ಮಾತು ಬೇರೆ. ಅಂಚೆಲ್ಲ ನೇರಳೆ ಬಣ್ಣ, ನಡುವೆ ಮಂಜು, ಮೂಲೆಗಳು ಕಪ್ಪು. ಮೇಲಾಗಿ ಅದರ ಭಾರವೆಲ್ಲ ಫಿಲ್ಟರ್ ಎಳೆಯ ಮೇಲೆ ಬೀಳುತ್ತದೆ, ಮುಂಗಾಜು ತಿರುಗುವ ಲೆನ್ಸ್ ಆದರೆ ಫೋಕಸ್ ಮೋಟರಿನ ಮೇಲೂ. ಕೊಳ್ಳಬೇಡಿ.

ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕಾಯಿ ಒಡೆಯುವ ಕ್ಷಣ ತೆಗೆಯಬೇಕು. ಹತ್ತಿರ ಹೋಗಲು ಬಿಡುವುದಿಲ್ಲ.
— ಓದುಗರು, ಮೂರ್ನಾಡು

ಬಿಡದಿರುವುದೇ ಸರಿ. ಬಂದೂಕಿನ ಗೆರೆಯ ಹಿಂದೆ, ಒಂದು ಬದಿಗೆ ನಿಲ್ಲಿ. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ಬೇಡ, ರಿಮೋಟ್ ಇಟ್ಟುಬರಲೂ ಆಯೋಜಕರ ಒಪ್ಪಿಗೆ ಬೇಕು.

ಕನ್ವರ್ಟರಿಗೆ ಹೇಳಿ ಮಾಡಿಸಿದ ಕೆಲಸ ಇದು. ಕಾಯಿ ಅಲ್ಲಾಡದೆ ತೂಗುತ್ತಿರುತ್ತದೆ, ಆಟೊಫೋಕಸಿನ ಹಂಗಿಲ್ಲ. 40 ಮೀಟರ್ ದೂರದಿಂದ 420 ಎಂಎಂನ ಫ್ರೇಮ್ 2.1 ಮೀಟರ್ ಅಗಲ, 1.4 ಮೀಟರ್ ಎತ್ತರ. ಕಾಯಿಯನ್ನು ಫ್ರೇಮಿನ ಮೇಲಿನ ಮೂರನೇ ಒಂದು ಭಾಗದಲ್ಲಿಡಿ, ನೀರು ಮತ್ತು ಚಿಪ್ಪು ಕೆಳಕ್ಕೆ ಬೀಳಲು ಜಾಗ ಬೇಕು. ಕಾಲರ್ ಇಲ್ಲದ ಲೆನ್ಸ್ ಟ್ರೈಪಾಡಿನ ಮೇಲೆ ಮೂತಿ ಬಗ್ಗಿಸುತ್ತದೆ. ಅದರ ಬದಲು ಒಂದೂವರೆ ಕೆ.ಜಿ. ಭತ್ತವನ್ನೋ ಪಾರ್ಚ್‌ಮೆಂಟ್ ಕಾಫಿಯನ್ನೋ ದಪ್ಪ ಬಟ್ಟೆಯ ಚೀಲಕ್ಕೆ ಮುಕ್ಕಾಲು ತುಂಬಿ ಹೊಲಿದು, ಬೇಲಿಯ ಕಂಬದ ಮೇಲೋ ಜೀಪಿನ ಬಾನೆಟ್ ಮೇಲೋ ಹಾಕಿ ಲೆನ್ಸನ್ನು ಅದರಲ್ಲಿ ಹುದುಗಿಸಿ. ಎಂಜಿನ್ ಆರಿಸಿರಬೇಕು.

ಹಿನ್ನೆಲೆಗೆ ಬಿಳಿ ಆಕಾಶ ಬಂದರೆ ಕಾಯಿ ಕಪ್ಪು ಉಂಡೆಯಾಗುತ್ತದೆ, ನೀರಿನ ಹನಿ ಕಾಣುವುದೇ ಇಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಹಿಂದೆ ಕಡುಹಸಿರು ಎಲೆ ಬರುವಂತೆ ನೋಡಿಕೊಳ್ಳಿ. ಎಕ್ಸ್‌ಪೋಷರ್ ಮ್ಯಾನುಯಲ್, ಶಟರ್ 1/2000. ಸೆಪ್ಟೆಂಬರ್ ಮೋಡದಲ್ಲಿ ಎಫ್/8ಕ್ಕೆ ಐಎಸ್‌ಒ 4000 ಆಗುತ್ತದೆ, ಒಪ್ಪಿಕೊಳ್ಳಿ. ಒಂದು ಕಣ್ಣು ಗುರಿಕಾರನ ಬೆರಳಿನ ಮೇಲಿರಲಿ, ಬೆರಳು ಬಿಗಿಯುತ್ತಿದ್ದಂತೆ ಬರ್ಸ್ಟ್ ಶುರುಮಾಡಿ. ಸದ್ದು ಕೇಳಿ ಒತ್ತಿದರೆ ಐದರಲ್ಲೊಂದು ಸೆಕೆಂಡ್ ಹೋಗಿರುತ್ತದೆ, ಚಿಪ್ಪು ಕೆಳಗಿಳಿಯುತ್ತಿರುವ ಚಿತ್ರ ಸಿಗುತ್ತದೆ. ಅದೂ ಕೆಟ್ಟದ್ದೇನಲ್ಲ. ಕ್ಯಾನನ್ ಆರ್7, ಆರ್10 ಇದ್ದವರಿಗೆ ಒತ್ತುವ ಮೊದಲಿನ ಅರ್ಧ ಸೆಕೆಂಡನ್ನೂ ಉಳಿಸಿಕೊಳ್ಳುವ ರಾ ಬರ್ಸ್ಟ್ ಇದೆ. ಅದರಲ್ಲಿ ಎಲೆಕ್ಟ್ರಾನಿಕ್ ಶಟರ್ ಆದ್ದರಿಂದ ಹಾರುವ ಚಿಪ್ಪು ಸ್ವಲ್ಪ ಸೊಟ್ಟಗೆ ಬಂದೀತು.

ಬರಪೊಳೆಯಲ್ಲಿ ರ‍್ಯಾಫ್ಟಿಂಗ್, ತೋಟದ ಮೇಲೆ ಹಾರುವ ಮಂಗಟ್ಟೆ ಹಕ್ಕಿ — ಎರಡಕ್ಕೂ ಇದೇ 420 ಎಂಎಂ ಆದೀತೆ?
— ಓದುಗರು, ಶ್ರೀಮಂಗಲ

ರ‍್ಯಾಫ್ಟಿಂಗ್‌ಗೆ ಬೇಡ. ಮಳೆಗಾಲದ ಹೊಳೆಯ ಮೇಲೆ, ಮರಗಳ ನಡುವೆ, 1/1000ಕ್ಕೆ ಎಫ್/8ರಲ್ಲಿ ಐಎಸ್‌ಒ 4000 ದಾಟುತ್ತದೆ, ಜೊತೆಗೆ ಫೋಕಸ್ ನೊರೆಗೆ ಸಿಕ್ಕಿಬೀಳುತ್ತದೆ. ಇಳಿತದ ಕೆಳಗಿನ ತಿರುವಿನಲ್ಲಿ ನಿಂತರೆ ದೋಣಿಯೇ ನಿಮ್ಮತ್ತ ಬರುತ್ತದೆ, 200 ಎಂಎಂ ಸಾಕು. ಬಿಳಿ ನೊರೆ ಮೀಟರನ್ನು ಏಮಾರಿಸುತ್ತದೆ, ಮುಖ ಕಪ್ಪಾಗದಂತೆ ಮೂರನೇ ಎರಡು ಸ್ಟಾಪ್ ಹೆಚ್ಚು ಕೊಡಿ. ಕನ್ವರ್ಟರ್ ಹಾಕುವುದು ತೆಗೆಯುವುದು ಹೊಳೆಯ ದಂಡೆಯಲ್ಲಿ ಕೂಡದು.

ಮಂಗಟ್ಟೆ ಸಿಲ್ವರ್ ಓಕ್ ಮೇಲೆ ಕೂತಿರುವಾಗ ಕನ್ವರ್ಟರ್ ಚೆನ್ನ. ಹಾರುವಾಗ ತೆಗೆದಿಡಿ, 300ಕ್ಕೇ ಹಿಡಿದು ಕ್ರಾಪ್ ಮಾಡಿ. 420ರ ಕಿರಿದಾದ ನೋಟದಲ್ಲಿ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಪಕ್ಕದ ತೋಟ ಸೇರಿರುತ್ತದೆ.

ಮಳೆಗಾಲದಲ್ಲಿ ಕನ್ವರ್ಟರಿನೊಳಗೆ ಜೇಡರ ಬಲೆಯಂಥದ್ದು ಕಾಣಿಸಿದೆ. ಒರೆಸಿದರೆ ಹೋಗುತ್ತಿಲ್ಲ.
— ಓದುಗರು, ಭಾಗಮಂಡಲ

ಅದು ಫಂಗಸ್, ಗಾಜಿನ ಒಳಮುಖದಲ್ಲಿದೆ. ಹೊರಗಿನಿಂದ ಒರೆಸಿ ಫಲವಿಲ್ಲ. ಹೊಸದಾಗಿ ಹಿಡಿದಿದ್ದರೆ ರಿಪೇರಿಯವರು ಬಿಚ್ಚಿ ತೊಳೆಯುತ್ತಾರೆ. ಗಾಜಿನ ಲೇಪವನ್ನೇ ತಿಂದಿದ್ದರೆ ಗುರುತು ಉಳಿಯುತ್ತದೆ. ಕಡಿಮೆ ಬೆಲೆಯ ಕನ್ವರ್ಟರಿಗೆ ರಿಪೇರಿ ಖರ್ಚು ಹೊಸದರ ಬೆಲೆಯ ಹತ್ತಿರ ಹೋಗುವುದುಂಟು, ಮೊದಲೇ ಕೇಳಿಕೊಳ್ಳಿ. ಅಲ್ಲಿಯವರೆಗೆ ಬೇರೆ ಲೆನ್ಸಿನ ಜೊತೆ ಇಡಬೇಡಿ.

ಮುಂದಕ್ಕೆ, ರಬ್ಬರ್ ಅಂಚಿನ ಗಾಳಿಯಾಡದ 10 ಲೀಟರ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ ತನ್ನಿ. ಮುಳ್ಳು 40ರಿಂದ 50ರ ನಡುವೆ ಇರಬೇಕು. 60 ದಾಟಿದರೆ ಜೆಲ್ ಬದಲಿಸುವ ಹೊತ್ತಾಯಿತು. ನೀಲಿ ಜೆಲ್ ಗುಲಾಬಿಗೆ ತಿರುಗುತ್ತದೆ, ಕಿತ್ತಳೆಯದು ಹಸಿರಿಗೆ. ಸಣ್ಣ ಉರಿಯಲ್ಲಿ ಹುರಿದು ಮೊದಲಿನ ಬಣ್ಣ ಬಂದ ಮೇಲೆ, ಪೂರ್ತಿ ಆರಿಸಿ ಮತ್ತೆ ಹಾಕಿ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆ ಬಳಸಬಾರದು, ಅದಕ್ಕೆಂದೇ ಒಂದು ಹಳೆಯ ತವಾ ಬೇರೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲದಲ್ಲಿ ವಾರಕ್ಕೊಮ್ಮೆಯಾದರೂ ನೋಡಬೇಕಾದೀತು.

ಲೆನ್ಸಿನ ಜೊತೆ ಬಂದ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಮಂಜಿನಿಂದ ಒಲೆ ಉರಿಯುವ ಮನೆಯೊಳಗೆ ಬಂದಾಗ ಚೀಲದ ಜಿಪ್ ಒಂದು ಗಂಟೆ ತೆಗೆಯಬೇಡಿ, ತಣ್ಣಗಿನ ಗಾಜಿನ ಮೇಲೆ ನೀರು ಕೂರುತ್ತದೆ. ಕನ್ವರ್ಟರ್ ಜೋಡಿಸುವಾಗ ಕ್ಯಾಮೆರಾ ಆಫ್ ಮಾಡಿ, ಮೊದಲು ಲೆನ್ಸಿಗೆ ಕೂರಿಸಿ, ಬಳಿಕ ಎರಡನ್ನೂ ಸೇರಿಸಿ ಕ್ಯಾಮೆರಾಗೆ ಹಾಕಿ. ಕ್ಯಾಮೆರಾದ ಬಾಯಿ ಕೆಳಮುಖವಾಗಿರಲಿ.